ಈ ಮನಿ ಆಯ್ತು

ಆಟಿ ತಿಂಗಳ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮುಂದೆ ಮಾತ್ರ. ಮೊನ್ನೆ ರಾತ್ರಿಯೂ ಮಗುವಿನ ಬಟ್ಟೆಗಳನ್ನು ಹಗ್ಗಕ್ಕೆ ಹರವಿ, ಹಂಡೆಯ ಕೆಳಗೆ ಇನ್ನೊಂದು ಕೊತ್ತಳಿಗೆ ನೂಕಿ, ಬೂದಿಯೊಳಗೆ ನಾಲ್ಕು ಹಲಸಿನ ಬೇಳೆ ಹುಗಿದು ಕೂತಿದ್ದೆವು. ನಾನು, ತಮ್ಮನ ಮಗ, ಅವನ ಹೆಂಡತಿ, ಅವಳ ಮಡಿಲಲ್ಲಿ ಮೂರೂವರೆ ತಿಂಗಳ ಕೂಸು. ಬೆಳಿಗ್ಗೆ ಮೂರನೇ ಪೆಂಟಾವಲೆಂಟ್ ಆಗಿತ್ತು. ಸಂಜೆಗೆ ಮೈ ಬಿಸಿ, ತೊಡೆ ಕೆಂಪು. ಜ್ವರದ ಹನಿ ಹಾಕಿಯೂ ಆಗಿತ್ತು. ಮಗುವಿಗಿಂತ ತಾಯಿಗೇ ಹೆಚ್ಚು ಸಂಕಟ.

“ಅತ್ತೆ, ಒಂಬತ್ತು ತಿಂಗಳಿಗೆ ದಡಾರದ್ದು ಬೇರೆ ಇದೆಯಂತೆ. ಈಗ ದಡಾರ ಎಲ್ಲಿದೆ ಹೇಳಿ? ನಾನಂತೂ ಯಾರಿಗೂ ಬಂದದ್ದು ನೋಡಿಲ್ಲ” ಅಂದಳು.

ಬೆಂಗಳೂರಲ್ಲಿ ಹುಟ್ಟಿ ಬೆಳೆದವಳು, ಕಂಪ್ಯೂಟರ್ ಕೆಲಸದವಳು. ಕೇಳುವುದರಲ್ಲಿ ತಪ್ಪಿಲ್ಲ. ಅವಳು ನೋಡದೇ ಇರುವುದು ಯಾಕೆ ಅಂತ ಪಾಠ ಮಾಡಬಹುದಿತ್ತು. ಸ್ವಯಂ ನಿವೃತ್ತಿ ತಗೊಳ್ಳುವ ತನಕ ಹತ್ತೊಂಬತ್ತು ವರ್ಷ ನರ್ಸಾಗಿ ಅದೇ ಪಾಠ ಹೇಳಿ ಬಾಯಿ ನೋಯಿಸಿಕೊಂಡವಳು ನಾನು. ಹಾಗಾಗಿ ಪಾಠ ಬಿಟ್ಟು ಒಂದು ಬಾಗಿಲಿನ ಕಥೆ ಹೇಳಿದೆ. ಮನೆಯಲ್ಲಿ ಯಾರಿಗೂ ಅದನ್ನು ಪೂರ್ತಿ ಹೇಳಿರಲಿಲ್ಲ.

2003ರ ಜುಲೈ. ನನಗೆ ಇಪ್ಪತ್ತಾರು. ಪುತ್ತೂರಿನಿಂದ ಟ್ರಂಕು ಹಿಡಿದು ಹೊರಟವಳು ಸುರಪುರ ತಲುಪುವಾಗ ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ಆಗಿತ್ತು. ಆಗ ಯಾದಗಿರಿ ಅಂತ ಜಿಲ್ಲೆ ಇರಲಿಲ್ಲ, ಅದು ಆದದ್ದು 2009ರ ಡಿಸೆಂಬರ್ ಕೊನೆಗೆ. ಎಲ್ಲವೂ ಗುಲಬರ್ಗ. ನನಗೆ ಸಿಕ್ಕ ಉಪಕೇಂದ್ರದಲ್ಲಿ ಹನ್ನೊಂದು ತಿಂಗಳಿಂದ ನರ್ಸ್ ಇರಲಿಲ್ಲ. ಹಿಂದಿನವರು ತಮ್ಮ ಊರ ಕಡೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಲಸಿಕೆ ರಿಜಿಸ್ಟರನ್ನು ಗೆದ್ದಲು ಅಂಚಿನಿಂದ ತಿನ್ನುತ್ತ ಬಂದು ಮಕ್ಕಳ ಹೆಸರಿನ ತನಕ ಮುಟ್ಟಿತ್ತು. ಐದು ಸಾವಿರ ಜನಕ್ಕೊಂದು ಉಪಕೇಂದ್ರ ಅನ್ನುವುದು ನಿಯಮ. ನನ್ನ ಪಾಲಿಗೆ ಆರು ಊರು, ಎರಡು ತಾಂಡಾ, ಎಂಟು ಸಾವಿರದ ಮೇಲೆ ಜನ.

ಅದರ ಹಿಂದಿನ ವರ್ಷವಷ್ಟೇ ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತ್ತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು, ಅದರಲ್ಲೂ 21 ಗುಲಬರ್ಗ ವಿಭಾಗದವು. ಆ ವರದಿಯ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಓದಿ ನನಗೆ ಅರ್ಥವಾದದ್ದು ಇಷ್ಟೇ: ಅಲ್ಲಿಯ ಜನರಿಗೆ ತಿಳುವಳಿಕೆ ಕಡಿಮೆ, ಹೋಗಿ ತಿಳಿಸಿ ಹೇಳಬೇಕು. ನಮ್ಮಮ್ಮ ನಮ್ಮೆಲ್ಲರ ಲಸಿಕೆ ಚೀಟಿಗಳನ್ನು ಪಂಚಾಂಗದೊಳಗೆ ಮಡಚಿಟ್ಟಿದ್ದರು. ಅದು ಅಮ್ಮನ ತಿಳುವಳಿಕೆ ಅಂತ ನಂಬಿದ್ದೆ. ನಮ್ಮ ಗೇಟಿನ ಮುಂದೆ ಗಂಟೆಗೊಂದು ಬಸ್ಸು ನಿಲ್ಲುತ್ತಿತ್ತು, ಅಮ್ಮ ವರ್ಷವಿಡೀ ಅದೇ ಮನೆಯಲ್ಲಿ ಇರುತ್ತಿದ್ದರು. ಇವೆರಡನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತ ನನಗೆ ಹೊಳೆದಿರಲಿಲ್ಲ.

ನಾನು ಹೋದ ವರ್ಷ ಆ ಕಡೆಯೆಲ್ಲ ಪೋಲಿಯೋ ಗದ್ದಲ. ರಾಜ್ಯದಿಂದ ಹೋಯಿತು ಅಂದುಕೊಂಡಿದ್ದ ರೋಗ ತಿರುಗಿ ಬಂದು ಆ ಒಂದೇ ವರ್ಷ ಕರ್ನಾಟಕದ 36 ಮಕ್ಕಳನ್ನು ಹಿಡಿದಿತ್ತು. ವೈರಸ್ಸು ಉತ್ತರ ಪ್ರದೇಶದ ಕಡೆಯಿಂದ ಬಂದದ್ದು ಅಂತ ನಮಗೆ ಮೀಟಿಂಗಿನಲ್ಲಿ ಹೇಳಿದರು. ಅದರ ಹಿಂದಿನ ವರ್ಷ ಇಡೀ ದೇಶದ 1600 ಪ್ರಕರಣಗಳಲ್ಲಿ 1200ಕ್ಕೂ ಹೆಚ್ಚು ಆ ಒಂದೇ ರಾಜ್ಯದ್ದು. ನೀರು ತಗ್ಗಿಗೆ ಹರಿಯುವ ಹಾಗೆ ರೋಗ, ಯಾವ ಓಣಿಯಲ್ಲಿ ಲಸಿಕೆ ಕಡಿಮೆಯೋ ಅಲ್ಲಿಗೆ ಹರಿಯುತ್ತದೆ. ನಡುವೆ ಎಷ್ಟು ರಾಜ್ಯ ಇದ್ದರೂ ದಾಟಿಕೊಂಡು ಬರುತ್ತದೆ. ನಮ್ಮ ಕರಾವಳಿಯಲ್ಲಿ ನಿಲ್ಲದೆ ಅದು ಅಲ್ಲೇ ಹೋಗಿ ಯಾಕೆ ನಿಂತಿತು ಅನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಹಾಗಾಗಿ ತಿಂಗಳೆರಡು ತಿಂಗಳಿಗೊಮ್ಮೆ ಪಲ್ಸ್ ಪೋಲಿಯೋ. ಭಾನುವಾರ ಬೂತು, ಆಮೇಲೆ ಮನೆ ಮನೆ. ಹೆಗಲಿಗೆ ನೀಲಿ ಡಬ್ಬಿ, ಒಳಗೆ ನಾಲ್ಕು ಐಸ್ ಪ್ಯಾಕು. ಮೊದಲ ದಿನ ಮಕ್ಕಳು ನನ್ನ ಹಿಂದೆ ಓಡಿ ಬಂದದ್ದು ಐಸ್ ಕ್ಯಾಂಡಿ ಮಾರುವವಳು ಅಂದುಕೊಂಡು. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಮಸಿ. ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಅಲ್ಲಿಯ ಮಾತಲ್ಲಿ ಖಡುವಿನಲ್ಲಿ, ಇಂಗ್ಲಿಷಿನ ‘ಪಿ’ ಅಥವಾ ‘ಎಕ್ಸ್’. ಆ ಮನೆಯ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ಪಿ. ಅಷ್ಟು ಸಣ್ಣ ಮಕ್ಕಳೇ ಇಲ್ಲದಿದ್ದರೂ ಪಿ. ಮಗು ತಪ್ಪಿಹೋಗಿದ್ದರೆ, ಬಾಗಿಲು ಬೀಗ ಹಾಕಿದ್ದರೆ ಎಕ್ಸ್. ಎಕ್ಸ್ ಇದ್ದಲ್ಲಿಗೆ ಮತ್ತೆ ಹೋಗಬೇಕು.

ಇದು ಹನಿಯ ವ್ಯವಸ್ಥೆ. ಸೂಜಿಯ ವ್ಯವಸ್ಥೆ ಬೇರೆ. ಸೂಜಿಗೆ ಗುರುವಾರ, ಜನ ತಾವೇ ಉಪಕೇಂದ್ರಕ್ಕೆ ಬರಬೇಕು. ಗುರುವಾರವೇ ದೊಡ್ಡೂರಿನ ಸಂತೆ. ವಾರದ ಉಪ್ಪು ಮೆಣಸಿನಕಾಯಿ ತರುವ ದಿನ ಯಾವ ತಾಯಿ ಮಗುವನ್ನೆತ್ತಿಕೊಂಡು ನಾಲ್ಕು ಕಿಲೋಮೀಟರ್ ಎದುರು ದಿಕ್ಕಿಗೆ ನಡೆಯುತ್ತಾಳೆ? ನಾನು ಖಾಲಿ ಬೆಂಚಿನ ಮುಂದೆ ಕೂತು ಮನಸ್ಸಿನಲ್ಲೇ ಬೈಯುತ್ತಿದ್ದೆ: ಹೇಳಿದ್ದು ಹೇಳಿದ್ದೇ, ಇವರಿಗೆ ಬುದ್ಧಿ ಬರುವುದಿಲ್ಲ.

ಆದರೆ ಒಂದು ಗುರುವಾರ ಒಂದು ಮನೆಯವರು ಬಂದರು. ದೀಪಾವಳಿಗೆ ಎರಡು ದಿನ ಇತ್ತು. ಮುದುಕಿ, ಸೊಸೆ, ಸೊಸೆಯ ಸೊಂಟದ ಮೇಲೆ ಒಂಬತ್ತು ತಿಂಗಳು ತುಂಬಿದ ಹೆಣ್ಣುಕೂಸು, ಪಕ್ಕದಲ್ಲಿ ಎಂಟು ವರ್ಷದ ಅಕ್ಕ. ಕಾಲುವೆಯ ನೀರು ಹತ್ತದ ಮೇಲ್ಭಾಗದ ಊರಿನವರು. ಕೂಸಿಗೆ ಹಿಂದಿನ ಸೂಜಿಗಳು ಹೇಗೋ ಆಗಿದ್ದವು. ಉಳಿದದ್ದು ದಡಾರದ ಸೂಜಿ. ಅಲ್ಲಿ ದಡಾರಕ್ಕೆ ಗೊಬ್ಬರ ಅನ್ನುತ್ತಾರೆ.

ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ತಮ್ಮನ ಮಗ ಬೂದಿಯಿಂದ ಬೇಳೆ ಕೆದಕಿ ತೆಗೆಯುತ್ತಿದ್ದ.

ದಡಾರದ ಲಸಿಕೆ ಪುಡಿ ರೂಪದಲ್ಲಿ ಬರುತ್ತದೆ. ಅದರ ಜೊತೆಗಿನ ದ್ರವ ಹಾಕಿ ಕಲಸಬೇಕು. ಒಂದು ಸೀಸೆಯಲ್ಲಿ ಐದು ಮಕ್ಕಳಿಗೆ ಆಗುವಷ್ಟು. ಒಮ್ಮೆ ಕಲಸಿದರೆ ನಾಲ್ಕು ಗಂಟೆ, ಆಮೇಲೆ ಚೆಲ್ಲಬೇಕು. ಬಂದದ್ದು ಒಂದೇ ಕೂಸು. ಒಂದಕ್ಕಾಗಿ ಸೀಸೆ ಒಡೆದರೆ ನಾಲ್ಕು ಡೋಸ್ ದಂಡ, ತಿಂಗಳ ಮೀಟಿಂಗಿನಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳುತ್ತಿದ್ದರು. ನಾನು ಹೊಸಬಳು. ಗೋಡೆ ಗಡಿಯಾರ ನೋಡಿದೆ, ಹನ್ನೆರಡೂವರೆ. ಇನ್ಯಾರಾದರೂ ಬರಬಹುದು ಅಂತ ಒಂದು ಗಂಟೆ ಕೂರಿಸಿದೆ. ಯಾರೂ ಬರಲಿಲ್ಲ.

“ಆಯಿ, ಮುಂದಿನ ಗುರುವಾರ ಬನ್ನಿ. ಇನ್ನೊಂದು ನಾಲ್ಕು ಮಕ್ಕಳನ್ನೂ ಕರ್ಕೊಂಡು ಬನ್ನಿ” ಅಂದೆ.

“ಮುಂದಿನ ಬ್ಯಾಸ್ತಾರ ನಾವು ಇರಂಗಿಲ್ಲ ಯವ್ವಾ” ಅಂದಳು ಮುದುಕಿ. “ಹಬ್ಬಾ ಮುಗಿಸಿ ಇವರು ಪುಣೆಕ್ಕ ಹೋಗ್ತಾರ. ಗೌಂಡಿ ಕೆಲಸಕ್ಕ.”

“ಹಾಗಾದರೆ ಬಂದ ಮೇಲೆ ಹಾಕಿಸಿದರಾಯ್ತು.”

ನಾಲ್ಕು ಕಿಲೋಮೀಟರ್ ನಡೆದು ಬಂದವರು ನಾಲ್ಕು ಕಿಲೋಮೀಟರ್ ನಡೆದು ಹೋದರು. ಆ ದಿನ ನನಗೆ ಏನೂ ಅನ್ನಿಸಲಿಲ್ಲ. ಲಸಿಕೆ ಉಳಿಸಿದೆ ಅಂತ ಸಮಾಧಾನವೇ ಆಗಿತ್ತು.

ಗುಳೆ ಅನ್ನುವ ಮಾತನ್ನು ಪುಸ್ತಕದಲ್ಲಿ ಓದಿದ್ದೆ. ಕಂಡದ್ದು ಆ ಚಳಿಗಾಲ. ನಾರಾಯಣಪುರದ ಎಡದಂಡೆ ಕಾಲುವೆ ಹರಿಯುವ ಊರುಗಳಲ್ಲಿ ಭತ್ತ, ವರ್ಷವಿಡೀ ಕೆಲಸ, ಜನ ಊರಲ್ಲೇ. ಅದೇ ತಾಲ್ಲೂಕಿನ ಮೇಲ್ಭಾಗದ ಎರೆಯಲ್ಲಿ, ಕಲ್ಲುಭೂಮಿಯಲ್ಲಿ ತೊಗರಿ, ಸಜ್ಜೆ. ಮಳೆ ಕೈಕೊಟ್ಟರೆ ಅದೂ ಇಲ್ಲ. ಮಳೆ ಬೀಳುವುದೂ ಅಷ್ಟಕ್ಕಷ್ಟೇ. ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಓಣಿಗೆ ಓಣಿ ಖಾಲಿ. ಪುಣೆ, ಮುಂಬೈ, ಗೋವಾ, ಬೆಂಗಳೂರು. ನನ್ನ ರಿಜಿಸ್ಟರಿನಲ್ಲಿ ಕಾಲುವೆಯ ಎರಡು ಊರುಗಳ ಸಾಲು ಪೂರ್ತಿ ತುಂಬಿರುತ್ತಿತ್ತು, ಮೇಲ್ಭಾಗದ ಊರುಗಳ ಸಾಲಿನಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ನಡುನಡುವೆ ಖಾಲಿ. ಒಂದೇ ಭಾಷೆ, ಒಂದೇ ದೇವರು, ಪರಸ್ಪರ ಹೆಣ್ಣು ಕೊಟ್ಟು ತಂದವರು, ಅವೇ ಮಾತು ಹೇಳುವ ಅದೇ ನರ್ಸು. ತಿಳುವಳಿಕೆಯ ಲೆಕ್ಕದಲ್ಲಿ ಇದನ್ನು ಹೇಗೆ ಹೇಳುವುದು? ರಿಜಿಸ್ಟರನ್ನು ಎದುರಿಗಿಟ್ಟುಕೊಂಡರೆ ಕಾಲುವೆಯ ನಕ್ಷೆಯನ್ನೇ ಬರೆಯಬಹುದಿತ್ತು.

2004ರ ಜನವರಿಯ ಸುತ್ತು. ಮೇಲ್ಭಾಗದ ಆ ಊರಿಗೆ ಹೋದಾಗ ಮನೆ ಮನೆಗೂ ಬೀಗ. ಎಕ್ಸ್, ಎಕ್ಸ್, ಎಕ್ಸ್. ನನ್ನ ಜೊತೆಗಿದ್ದ ಅಂಗನವಾಡಿಯಾಕೆಗೆ ನಗು. “ಸಿಸ್ಟರ್, ಖಡು ತೀರಿ ಹೋಗ್ತದ” ಅಂದಳು. ಸಂಜೆ ಲೆಕ್ಕ ಕೊಡುವಾಗ ಮೇಲ್ವಿಚಾರಕರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. ಇಷ್ಟು ಎಕ್ಸ್ ಕಳಿಸಿದರೆ ಮೇಲಿನವರು ಕೇಳುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಮಕ್ಕಳಿಲ್ಲ, ಮಕ್ಕಳಿಲ್ಲದ ಮನೆ ಅಂದರೆ ಪಿ, ಅಲ್ಲವೇ? ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಹಾಳೆ ಮೇಲೆ ಹೋಗುವಷ್ಟರಲ್ಲಿ ಅರ್ಧದಷ್ಟು ಎಕ್ಸ್ ಪಿ ಆಗಿತ್ತು. ನಾನು ತುಟಿ ಬಿಚ್ಚಲಿಲ್ಲ.

ಮುದುಕಿಯ ಮನೆಗೆ ಮಾತ್ರ ಬೀಗ ಇರಲಿಲ್ಲ. ಅವಳೂ, ಶಾಲೆ ತಪ್ಪಬಾರದು ಅಂತ ಬಿಟ್ಟುಹೋದ ಎಂಟು ವರ್ಷದ ಮೊಮ್ಮಗಳೂ ಇದ್ದರು. ಐದರೊಳಗಿನ ಮಕ್ಕಳು? ಇಲ್ಲ, ಪುಣೆಯಲ್ಲಿದೆ. ನಾನು ತಿಳಿದ ನಿಯಮದ ಪ್ರಕಾರ ಪಿ. ಇದರಲ್ಲಿ ಯಾರ ಒತ್ತಡವೂ ಇಲ್ಲ, ಸುಳ್ಳೂ ಇಲ್ಲ. ನಾನೇ ಬರೆದೆ.

ಮುದುಕಿ ಹೊರಗೆ ಬಂದು ಅದನ್ನು ದಿಟ್ಟಿಸಿದಳು. ಅಕ್ಷರ ಬಾರದವಳು. “ಯಾಕವ್ವ, ಬಾಗಲ ಮ್ಯಾಲ ಸವುಟು ಬರದಿ?” ಅಂದಳು. ಹೌದು, ನಿಲ್ಲಿಸಿಟ್ಟ ಸೌಟಿನ ಹಾಗೇ ಇತ್ತು. ನಕ್ಕುಬಿಟ್ಟೆ.

“ಸವುಟಲ್ಲ ಆಯಿ. ಈ ಮನಿ ಆಯ್ತು ಅಂತ ಬರೆದದ್ದು” ಅಂದೆ. ಆರು ತಿಂಗಳಲ್ಲಿ ಕಲಿತ ನನ್ನ ಹರಕು ಅಲ್ಲಿಯ ಕನ್ನಡದಲ್ಲಿ.

ಮುದುಕಿ ಆ ದಿನ ಇನ್ನೊಂದು ಮಾತು ಹೇಳಿದಳು. ಬೈದದ್ದಲ್ಲ, ಸುಮ್ಮನೆ ಕೇಳಿದಳು. “ಹನಿ ಹಾಕಾಕ ತಿಂಗಳ ತಿಂಗಳ ನಮ್ಮ ಬಾಗಲಿಗೆ ಬರ್ತೀರಿ. ಸೂಜಿ ಮಾಡಾಕ ಮಾತ್ರ ನಾವು ನಿಮ್ಮ ಬಾಗಲಿಗೆ ಬರಬೇಕೇನು?” ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಹನಿಗೆ ದಿಲ್ಲಿಯಿಂದ ದುಡ್ಡು, ಜೀಪು, ಬ್ಯಾನರು, ಸಿನಿಮಾದವರ ಫೋಟೋ ಬರುತ್ತಿತ್ತು. ಸೂಜಿಗೆ ಒಂದು ಖಾಲಿ ಬೆಂಚು.

ಕಾರಹುಣ್ಣಿಮೆ ಹತ್ತಿರ ಬಂದಾಗ ಜನ ತಿರುಗಿ ಬಂದರು. ಎತ್ತುಗಳ ಹಬ್ಬಕ್ಕೆ ಊರಲ್ಲಿರಬೇಕು, ಅದಾದ ಮೇಲೆ ಬಿತ್ತನೆ. ಆ ಮನೆಯವರೂ ಬಂದರು. ಮೂರನೇ ದಿನಕ್ಕೆ ಅಂಗನವಾಡಿಯಾಕೆ ಸೈಕಲ್ಲಿನಲ್ಲಿ ಹುಡುಗನೊಬ್ಬನನ್ನು ಕಳಿಸಿದಳು: ಓಣಿಯಲ್ಲಿ ಗೊಬ್ಬರ ಎದ್ದಿದೆ.

ನಾನು ಹೋದಾಗ ಬಾಗಿಲಿಗೆ ಬೇವಿನ ತೊಂಗಲು ಸಿಕ್ಕಿಸಿದ್ದರು. ಅವ್ವ ಬಂದಾಳ ಅಂತ ಒಳಗೆ ಒಗ್ಗರಣೆ ಇಲ್ಲ, ಖಾರ ಇಲ್ಲ. ಕತ್ತಲೆ ಕೋಣೆಯಲ್ಲಿ ಕೂಸು. ಈಗ ಅದಕ್ಕೆ ಒಂದೂಕಾಲು ವರ್ಷ, ತೂಕ ನೋಡಿದರೆ ಎಂಟು ತಿಂಗಳದ್ದು ಅನ್ನಬೇಕು. ಮೈತುಂಬ ಎದ್ದ ಗುಳ್ಳೆ ಕಪ್ಪಾಗಿ ಸಿಪ್ಪೆ ಬಿಡುತ್ತಿತ್ತು. ಬೇಧಿ. ಎರಡೂ ಕಣ್ಣು ಪಿಸರು ಕಟ್ಟಿ ಮುಚ್ಚಿದ್ದವು. ಹತ್ತಿ ಒದ್ದೆ ಮಾಡಿ ಮೆಲ್ಲಗೆ ಒರೆಸಿದೆ. ಎಡಗಣ್ಣು ತೆರೆಯಿತು. ಬಲಗಣ್ಣೂ ತೆರೆಯಿತು, ಆದರೆ ಅದರಲ್ಲಿ ಕಪ್ಪು ಇರಲಿಲ್ಲ. ಹೂ ಬಿದ್ದಿತ್ತು. ದಡಾರ ಮೈಯಲ್ಲಿರುವ ಎ ಅನ್ನಾಂಗವನ್ನು ಹೀರಿಬಿಡುತ್ತದೆ, ಅರೆಹೊಟ್ಟೆಯ ಮಗುವಾದರೆ ಕಣ್ಣನ್ನೇ ತಿನ್ನುತ್ತದೆ. ಒಂಬತ್ತು ತಿಂಗಳಿಗೆ ಸೂಜಿಯ ಜೊತೆ ಚಮಚದಲ್ಲಿ ಬಾಯಿಗೆ ಹಾಕುವ ಎಣ್ಣೆಯಂಥ ಔಷಧ ಇದಕ್ಕೇ. ಆ ಗುರುವಾರ ಸೂಜಿ ಇಲ್ಲ ಅಂದ ಮೇಲೆ ಚಮಚವೂ ಇಲ್ಲದೆ ಕಳಿಸಿದ್ದೆ.

ತಾಯಿ ಕೂಸಿನ ಎಡಗೈ ಎತ್ತಿ ತೋರಿಸಿದಳು. ಕಿರುಬೆರಳಿನ ಉಗುರಿನ ಬುಡದಲ್ಲಿ ಇನ್ನೂ ಮಸಿ. “ಪುಣೆದಾಗ ಹನಿ ಹಾಕ್ಯಾರ್ರೀ ಸಿಸ್ಟರ್. ಎರಡ್ ಸಲ ಹಾಕ್ಯಾರ. ಬಿಲ್ಡಿಂಗಿಗೇ ಬಂದು ಹಾಕ್ಯಾರ” ಅಂದಳು. ತಾನು ತಪ್ಪಿಲ್ಲ ಅಂತ ನನಗೆ ಸಾಕ್ಷಿ ಹೇಳುವವಳ ಹಾಗೆ.

ಮುದುಕಿ ಹೊಸ್ತಿಲಲ್ಲಿ ಕೂತಿದ್ದಳು. ಬಾಗಿಲ ಮೇಲೆ ನನ್ನ ಜನವರಿಯ ಸುಣ್ಣದ ಗುರುತು ಮಾಸಿದ್ದರೂ ಕಾಣುತ್ತಿತ್ತು. ಅದನ್ನೇ ನೋಡುತ್ತ ಅಂದಳು:

“ಈ ಮನಿ ಆಯ್ತು ಅಂತ ಬರದಿದ್ಯಲ್ಲವ್ವ.”

ಆಯ್ತು ಅನ್ನುವುದಕ್ಕೆ ಎಷ್ಟು ಅರ್ಥ ಇದೆ ಅಂತ ನಿಮಗೆ ಹೇಳಬೇಕಿಲ್ಲ. ಕೆಲಸ ಮುಗಿದರೂ ಆಯ್ತು, ಮನೆತನ ಮುಗಿದರೂ ಆಯ್ತು. ಅವಳು ಯಾವುದನ್ನು ಅಂದಳೋ ನಾನು ಕೇಳಲಿಲ್ಲ.

ಓಣಿಯಲ್ಲಿ ಏಳು ಮಕ್ಕಳಿಗೆ ಬಂತು. ಒಂದು ಉಳಿಯಲಿಲ್ಲ.

ನಮ್ಮ ಹುಡುಗಿ ಅಷ್ಟು ಹೊತ್ತಿಗೆ ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು. “ಇವರೆಲ್ಲ ಲೆಕ್ಕದಲ್ಲಿ ಬರಲ್ವಾ ಅತ್ತೆ?” ಅಂದಳು. ಲೆಕ್ಕ ಅಂದರೆ ಅವಳಿಗೆ ಧೈರ್ಯ ಅಂತ ಕಾಣುತ್ತದೆ. ಬರುತ್ತಾರೆ, ಯಾಕೆ ಬರುವುದಿಲ್ಲ. ಬಿಸಿಜಿ, ಮೂರು ಡಿಪಿಟಿ, ಮೂರು ಪೋಲಿಯೋ, ಒಂದು ದಡಾರ. ಇಷ್ಟೂ ಆದ ಮಗುವನ್ನು ಮಾತ್ರ ಪೂರ್ಣ ಲಸಿಕೆ ಆದದ್ದು ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಹಿಡಿಯುತ್ತಾರೆ. 1998-99ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ 60 ಮಕ್ಕಳಿಗೆ ಅಷ್ಟೂ ಆಗಿತ್ತು. 2005-06ರಲ್ಲಿ ನೋಡಿದರೆ 55. ಏರಬೇಕಾದದ್ದು ಇಳಿದಿತ್ತು! ಹನಿಯ ಗದ್ದಲದಲ್ಲಿ ಸೂಜಿ ಹಿಂದೆ ಬಿತ್ತು ಅಂತ ಹೇಳುವವರಿದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. ನನ್ನ ಡೈರಿಯ ಮಟ್ಟಿಗೆ ಹೇಳುವುದಾದರೆ, ಹನಿಯ ಸುತ್ತು ಇದ್ದ ವಾರ ನಾನು ಗುರುವಾರ ಬೆಂಚಿನ ಮೇಲೆ ಕೂತದ್ದೇ ಇಲ್ಲ. ಅದೇ 2005-06ರ ಸಮೀಕ್ಷೆಯಲ್ಲಿ ತಮಿಳುನಾಡು 81, ಬಿಹಾರ 33, ಉತ್ತರ ಪ್ರದೇಶ 23, ನಾಗಾಲ್ಯಾಂಡ್ 21. ಒಂದೇ ಸರಕಾರದ ಒಂದೇ ಲಸಿಕೆ, ಒಂದೇ ವೇಳಾಪಟ್ಟಿ. 2011ರ ಡಿಸೆಂಬರಿನಲ್ಲಿ ಪೆಂಟಾವಲೆಂಟ್ ಬಂದಾಗಲೂ ಮೊದಲು ಕೊಟ್ಟದ್ದು ತಮಿಳುನಾಡಿಗೆ, ಕೇರಳಕ್ಕೆ. ನಡೆಸಬಲ್ಲವರಿಗೆ ಮೊದಲು ಕೊಟ್ಟು ನೋಡೋಣ ಅನ್ನುವುದು ಸರಿಯಾದ ಮಾತೇ. ಆದರೆ ಬಡಿಸುವವರು ಪ್ರತಿ ಸಲ ಅದೇ ತುದಿಯಿಂದ ಶುರು ಮಾಡಿದರೆ ಪಂಕ್ತಿಯ ಈ ತುದಿಯವರು ಏನು ತಿಳಿಯಬೇಕು?

ಆಮೇಲಿನ ಅಂಕಿ ಬೇರೆ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕ 84. ಬಡ ರಾಜ್ಯ ಅಂತ ನಾವು ಮೂಗು ಮುರಿಯುವ ಒಡಿಶಾ 90 ದಾಟಿತು, ಓದಿದವರ ಕೇರಳ 78ರಲ್ಲಿ ನಿಂತಿತು. ಆದ್ದರಿಂದ ‘ತಿಳುವಳಿಕೆ’ ಅನ್ನುವ ಪದ ಯಾರಾದರೂ ಬಳಸಿದರೆ ನಾನು ಈಗ ಎರಡು ಸಲ ಯೋಚಿಸುತ್ತೇನೆ. ಕೆಲವು ಸಲ ಅದು ಜಾಸ್ತಿಯಾಗಿಯೂ ಕೆಡುತ್ತದೆ ಮಾರಾಯ್ತಿ, ಅಂದೆ. ಅವಳು ಮೊಬೈಲನ್ನು ಮಗ್ಗುಲಿಗೆ ಸರಿಸಿದಳು. ಅಷ್ಟು ಚುಚ್ಚಬಾರದಿತ್ತು.

ಆಮೇಲೆ ನಾನೇನು ಮಾಡಿದೆ ಅಂತ ತಮ್ಮನ ಮಗ ಕೇಳಿದ. ದೊಡ್ಡದೇನೂ ಮಾಡಲಿಲ್ಲ. ಒಂದು ಕೂಸು ಬಂದರೂ ಸೀಸೆ ಒಡೆದೆ. ಪೋಲಾದ ಡೋಸಿಗೆ ಲೆಕ್ಕ ಕೇಳಿದರೆ ‘ಸೀಸೆ ಕೈಜಾರಿ ಬಿದ್ದು ಒಡೆಯಿತು’ ಅಂತ ಬರೆದೆ. ಆ ದಾಖಲೆ ನಂಬುವುದಾದರೆ ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಕೈ ನಡುಗುವ ನರ್ಸ್ ಇನ್ನೊಬ್ಬಳಿರಲಿಲ್ಲ. ಒಂದು ಮೆಮೊ ಕೂಡ ಬಂತು. ಗುರುವಾರ ಡಬ್ಬಿ ಹೊತ್ತು ಸಂತೆಗೇ ಹೋಗಿ ಬೇವಿನ ಮರದ ಕೆಳಗೆ, ಈರುಳ್ಳಿ ರಾಶಿಯ ಪಕ್ಕದಲ್ಲಿ ಕೂತೆ. ಹೆಂಗಸರು ಚೀಲವನ್ನು ಒಂದು ಕೈಯಲ್ಲಿ, ಕೂಸನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಕಾರಹುಣ್ಣಿಮೆ, ನಾಗರಪಂಚಮಿ, ದೀಪಾವಳಿ, ಊರ ಜಾತ್ರೆ ಇವಕ್ಕೆ ಕೆಂಪು ಸುತ್ತು ಹಾಕಿದೆ. ಜನ ಊರಲ್ಲಿರುವ ದಿನ ಅವು. ಕಚೇರಿಯ ವೇಳಾಪಟ್ಟಿಯನ್ನು ಅದರ ಕೆಳಗೆ ಅಂಟಿಸಿದೆ.

ಹಾಗಂತ ಎಲ್ಲ ಕೈಗೆ ಸಿಕ್ಕಿತು ಅಂತಲ್ಲ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೃಷ್ಣೆಯ ನಡುಗಡ್ಡೆಗಳಿಗೆ ದಾರಿಯೇ ಇರುತ್ತಿರಲಿಲ್ಲ. 2014ರ ಜುಲೈನಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣ ಸೋರೆ ಬುರುಡೆ ಮೈಗೆ ಕಟ್ಟಿಕೊಂಡು ಆ ಹೊಳೆಯನ್ನು ಈಜಿ ದಾಟಿದ್ದು ಪೇಪರುಗಳಲ್ಲೆಲ್ಲ ಬಂತು. ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಅಂತ. ಅವಳ ಸಾಹಸ ಅಂತ ಬರೆದರು. ಸೇತುವೆಯಿಲ್ಲದ ಊರಿನವರಿಗೆ ಸಾಹಸ ಬಿಟ್ಟು ಇನ್ನೇನಿದೆ.

ಅದೇ ವರ್ಷ ಡಿಸೆಂಬರಿನಲ್ಲಿ ಇಂದ್ರಧನುಷ್ ಅಭಿಯಾನ ಸಾರಿದರು. ಲಸಿಕೆಯಲ್ಲಿ ಹಿಂದುಳಿದ 201 ಜಿಲ್ಲೆಗಳ ಪಟ್ಟಿ. ನಮ್ಮ ರಾಜ್ಯದಿಂದ ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ, ಬಳ್ಳಾರಿ. ಇವು ಇದ್ದೇ ಇರುತ್ತವೆ ಅಂತ ಗೊತ್ತು. ಆದರೆ ಅವುಗಳ ಜೊತೆ ಬೆಂಗಳೂರು ನಗರ! ಮೀಟಿಂಗಿನಲ್ಲಿ ನಮ್ಮಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಖಾಲಿ ಓಣಿಗಳ ಮಕ್ಕಳು ಅಲ್ಲಿನ ಶೆಡ್ಡುಗಳಲ್ಲಿ ಇದ್ದರಲ್ಲ.

2015ರ ಮಳೆಗಾಲದಲ್ಲಿ ಒಂದು ಫೋನ್. “ಸಿಸ್ಟರ್, ನಾ ಆ ಮನಿಯಾಕಿ. ಸವುಟು ಬರದಿದ್ರಲ್ಲ, ಆ ಮನಿ.” ಎಂಟು ವರ್ಷದ ಆ ಅಕ್ಕ. ಈಗ ಮದುವೆಯಾಗಿ, ತವರಲ್ಲಿ ಹೆತ್ತು, ಎರಡು ತಿಂಗಳ ಕೂಸಿನೊಂದಿಗೆ ಗಂಡನ ಜೊತೆ ಬೆಂಗಳೂರಿಗೆ ಹೋಗಿದ್ದಳು. ತಾಯಿ ಕಾರ್ಡಿನ ಮೇಲೆ ಇದ್ದ ನನ್ನ ನಂಬರು ಹುಡುಕಿ ಮಾಡಿದ್ದಳು.

“ಇಲ್ಲಿ ಸೂಜಿ ಯಾ ದಿನ ಮಾಡ್ತಾರ್ರೀ? ತಗಡಿನ ಮ್ಯಾಲ ಯಾರೂ ಸವುಟು ಬರದಿಲ್ರಿ.”

ಎಲ್ಲಿದ್ದೀಯ ಅಂದರೆ ಜಾಗದ ಹೆಸರು ಗೊತ್ತಿಲ್ಲ. ದೊಡ್ಡ ಬಿಲ್ಡಿಂಗ್, ಪಕ್ಕದಲ್ಲಿ ಇನ್ನೊಂದು ದೊಡ್ಡ ಬಿಲ್ಡಿಂಗ್. ಮೇಸ್ತ್ರಿಗೆ ಫೋನ್ ಕೊಡು ಅಂದೆ. ಅವನು ಹಿಂದಿಯಲ್ಲಿ ಏನೋ ಅಂದು ಇಟ್ಟುಬಿಟ್ಟ. ಆಮೇಲೆ ನನ್ನ ಜೊತೆ ತರಬೇತಿ ಮಾಡಿದ ಗೆಳತಿ ಆ ಕಡೆ ಕೆಲಸದಲ್ಲಿದ್ದಳು, ಅವಳಿಗೆ ಹೇಳಿ, ಅವಳು ಇನ್ನೊಬ್ಬರಿಗೆ ಹೇಳಿ, ನಾಲ್ಕು ದಿನಕ್ಕೆ ಶೆಡ್ಡು ಸಿಕ್ಕಿತು.

ಮತ್ತೆ ಕಂಡದ್ದು ಮುಂದಿನ ಕಾರಹುಣ್ಣಿಮೆಗೆ. ಮುದುಕಿ ತೀರಿಹೋಗಿದ್ದಳು. ಬಾಗಿಲಿಗೆ ಹೊಸ ನೀಲಿ ಬಣ್ಣ. ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗಿನ ಕಾರ್ಡು ತೆಗೆದು ನನ್ನ ಕೈಗಿಟ್ಟಳು. ಹುಟ್ಟಿದಾಗಿನದ್ದು ನಮ್ಮ ಕಡೆಯ ಸೀಲು. ಆಮೇಲಿನ ಎರಡು ಬೆಂಗಳೂರಿನ ಬೇರೆ ಬೇರೆ ಮೂಲೆಯವು, ಎರಡು ಬೇರೆ ಕೈಬರಹ. ಮೂರನೆಯದು ಪುಣೆಯದು, ಮರಾಠಿಯಲ್ಲಿ. ನನಗೆ ಓದಲು ಬಂದದ್ದು ತಾರೀಖು ಮಾತ್ರ. ಉಳಿದದ್ದು ದಡಾರ. ಕೂಸಿಗೆ ಆಗಲೇ ಹದಿನಾಲ್ಕು ತಿಂಗಳು.

ಅದನ್ನು ಎತ್ತಿಕೊಂಡು ಕೂತವಳು ಆ ತಂಗಿ. ಹದಿಮೂರು ವರ್ಷದ ಹುಡುಗಿ, ಎರಡು ಜಡೆ. ನನ್ನನ್ನು ನೋಡುವಾಗ ಮುಖವನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡಿದಳು. ಸೀಸೆ ಒಡೆದು ಕಲಸಿದೆ. ಬಂದದ್ದು ಆ ಒಂದೇ ಕೂಸು. ಬಲತೋಳಿಗೆ ಚುಚ್ಚಿದಾಗ ಅದು ಊರೆಲ್ಲ ಕೇಳುವ ಹಾಗೆ ಕಿರುಚಿತು. ಚಿಕ್ಕಮ್ಮ ಅದರ ಬಾಯಿಗೆ ಬೆಲ್ಲದ ಚೂರು ಇಟ್ಟಳು.

ರಿಜಿಸ್ಟರ್ ತೆರೆದೆ. ವರ್ಷದೊಳಗೆ ಪೂರ್ತಿಯಾಗದ ಕೂಸು, ನಮ್ಮ ತಿಂಗಳ ವರದಿಯ ಆ ಕಾಲಮ್ಮಿಗೆ ಬರುವುದಿಲ್ಲ. ಬೆಂಗಳೂರಿನವರಿಗೂ ಬರುವುದಿಲ್ಲ, ಪುಣೆಯವರಿಗೂ ಇಲ್ಲ. ಯಾವ ಸಾಲಿನಲ್ಲಿ ಬರೆಯುವುದು ಅಂತ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಕೊನೆಗೆ ಅಂಚಿನಲ್ಲಿ ಬರೆದೆ.

“ಆಯ್ತೇನ್ರಿ ಸಿಸ್ಟರ್?” ಅಂದಳು ತಾಯಿ, ಕಾರ್ಡನ್ನು ಮತ್ತೆ ಚೀಲದೊಳಗೆ ಸುತ್ತುತ್ತ.

“ಇಲ್ಲವ್ವ,” ಅಂದೆ. “ಒಂದೂವರಿ ವರ್ಷಕ್ಕ ಇನ್ನೊಮ್ಮಿ ಅದ. ನಾಗರಪಂಚಮಿಗೆ ಊರಾಗ ಇರ್ತಿ?”